ಮುಲುಂಡಿನ ಕುರ್ಚಿ

ಮುಲುಂಡಿನಲ್ಲಿ ಇನ್ನೊಂದು ಹೊಟೇಲ್ ತೆರೆಯುತ್ತೇನೆ ಎಂದು ಧಣಿ ಹೇಳಿದ ದಿನವೇ, ಅಲ್ಲಿನ ಮ್ಯಾನೇಜರ್ ಕುರ್ಚಿ ನನ್ನದು ಎಂದು ನಾನು ತೀರ್ಮಾನಿಸಿಬಿಟ್ಟೆ. ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ದಾದರಿನ ನಮ್ಮ ಹೊಟೇಲಿನಲ್ಲಿ ಕಾಫಿ ಬೆರೆಸುವವನಿಂದ ಹಿಡಿದು ಪಾತ್ರೆ ತೊಳೆಯುವವನವರೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರದೇನೂ ತಪ್ಪಿಲ್ಲ ಬಿಡಿ. ಉಡುಪಿಯವರ ಹೊಟೇಲಿನ ಗಲ್ಲಾದ ಮುಂದೆ ವಿಜಯಪುರದ ಹೆಂಗಸೊಬ್ಬಳು ಕುಳಿತಿರುವುದನ್ನೇ ಅವರು ಬಹಳ ಕಷ್ಟದಿಂದ ರೂಢಿ ಮಾಡಿಕೊಂಡಿದ್ದರು. ಇನ್ನು ಅವಳು ಮ್ಯಾನೇಜರ್ ಬೇರೆ ಆಗುತ್ತಾಳೆ ಎಂದರೆ ಯಾರು ತಾನೇ ನಂಬುತ್ತಾರೆ?

ನಮ್ಮ ಹೊಟೇಲುಗಳಲ್ಲಿ ಬಡ್ತಿಗೆ ಒಂದು ಏಣಿ ಇದೆ. ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ಮೊದಲು ಟೇಬಲ್ ಒರೆಸುವುದು, ಆಮೇಲೆ ನೀರು ಕೊಡುವುದು, ಆಮೇಲೆ ತಿಂಡಿ ತಂದಿಡುವ ವೇಟರ್ ಆಗುವುದು, ಆಮೇಲೆ ಸ್ಟೋರಿನ ಬೀಗದ ಕೈ, ಎಲ್ಲಕ್ಕೂ ಮೇಲೆ ಗಲ್ಲಾ. ಧಣಿ ಸ್ವತಃ ಈ ಏಣಿಯನ್ನು ತಳದಿಂದ ಹತ್ತಿದವರು, ಮತ್ತು ಆ ಸಂಗತಿಯನ್ನು ಮರೆಯಲು ಯಾರಿಗೂ ಬಿಡುತ್ತಿರಲಿಲ್ಲ. "ನಾನು ಟೇಬಲ್ ಒರೆಸಿಯೇ ಬಂದವ, ಗೊತ್ತುಂಟಾ?" ಎಂಬುದು ಅವರ ಬೆಳಗಿನ ಪ್ರಾರ್ಥನೆ. ಅವರು ಹೇಳದೇ ಬಿಡುತ್ತಿದ್ದ ಮಾತೆಂದರೆ, ಈಗ ಏಣಿಯ ಕೊನೆಯ ಮೆಟ್ಟಿಲು ಊರಿನಿಂದ ಬರುವ ಬಸ್ಸಿಗೆ ಕಾದಿರಿಸಿದ್ದು. ಗಲ್ಲಾ ಖಾಲಿಯಾದರೆ ಊರಿಗೆ ಫೋನ್ ಹೋಗುತ್ತದೆ. ದೂರದ ನೆಂಟರ ಮಗನೋ ನೆರೆಮನೆಯವರ ತಮ್ಮನೋ ಒಂದು ಬ್ಯಾಗು ಹಿಡಿದು ಬಂದಿಳಿಯುತ್ತಾನೆ. ವರ್ಷಗಟ್ಟಲೆ ಓಡಾಡಿದ ವೇಟರ್ ಅವನಿಗೆ ಚಹಾ ತಂದುಕೊಡುತ್ತಾನೆ.

ನಾನು ಈ ಏಣಿಗೆ ಪಕ್ಕದಿಂದ ಕಾಲಿಟ್ಟವಳು. ಮದುವೆಯಾಗಿ ವಡಾಲಕ್ಕೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಬಿ.ಕಾಂ. ಪದವಿ ಮತ್ತು ಬೇಗ ಬರುವ ಸಿಟ್ಟು. ಗಂಡ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಗುಮಾಸ್ತರು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ, ಫೋನಿನಲ್ಲಿ ಆರ್ಡರ್ ಬರೆದುಕೊಂಡು ಪಾರ್ಸೆಲ್ ಕೊಡುವ ಕೆಲಸಕ್ಕೆ ಈ ಹೊಟೇಲಿಗೆ ಸೇರಿದೆ. ಒಮ್ಮೆ ಬೆಳಗಿನ ಗಲ್ಲಾದವನು ತಂಗಿಯ ಮದುವೆಗೆಂದು ಊರಿಗೆ ಹೋದವನು ಅಲ್ಲಿಂದಲೇ ಗಲ್ಫಿಗೆ ಹಾರಿಬಿಟ್ಟ. ಧಣಿ ನನ್ನ ಕಡೆ ನೋಡಿ, "ಊರಿಂದ ಯಾರಾದ್ರೂ ಬರುವವರೆಗೆ ಸ್ವಲ್ಪ ಕೂತ್ಕೊಳ್ಳಿ ಮಾರಾಯ್ರೆ" ಅಂದರು.

ಊರಿನಿಂದ ಯಾರೂ ಬರಲಿಲ್ಲ. ಬರಬೇಕಾದವರಿಗೆಲ್ಲ ಬೇರೆ ಕೆಲಸ ಸಿಕ್ಕಿತ್ತು. ನಾನು ಕುಳಿತೇ ಇದ್ದೆ. ಗಲ್ಲಾದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಸ್ಟೋರಿಗೆ ನನ್ನ ದನಿ ತಲುಪತೊಡಗಿತು. ಕೆಲವು ವರ್ಷಗಳಲ್ಲಿ ಬೆಳಗಿನ ಪಾಳಿ ಪೂರ್ತಿ ನನ್ನ ಕೈಯಲ್ಲಿತ್ತು. ರಜೆ ಬೇಕಾದವನು ನನ್ನನ್ನೇ ಕೇಳುತ್ತಿದ್ದ, ಹಾಲಿನವನ ಜತೆ ಜಗಳವೂ ನನ್ನದೇ. ಪ್ರತಿ ದೀಪಾವಳಿಗೆ ಸಂಬಳ ಏರುತ್ತಿತ್ತು. ಆದರೆ ಧಣಿ ಯಾರಿಗಾದರೂ ನನ್ನನ್ನು ಪರಿಚಯಿಸುವಾಗ, "ಇವರು ಕೌಂಟರ್ ನೋಡಿಕೊಳ್ತಾರೆ" ಎಂದಷ್ಟೇ ಹೇಳುತ್ತಿದ್ದರು. ಕೌಂಟರ್ ಅಂದರೆ ಒಂದು ಹಲಗೆ. ನನಗೆ ಪ್ರತಿ ಸಲವೂ ಮೈ ಉರಿಯುತ್ತಿತ್ತು.

ಸಂಜೆಯ ಪಾಳಿ ಧಣಿಯ ಅಕ್ಕನ ಮಗನದು. ಅವರ ಮನೆತನಗಳಲ್ಲಿ ಹಿಂದಿನಿಂದಲೂ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಸ್ವಂತ ಮಗನಿಗಿಂತ ಅಕ್ಕತಂಗಿಯರ ಮಗ, ಅಂದರೆ ಅಳಿಯ, ವಾರಸುದಾರ. ಕಾಯಿದೆ ಯಾವಾಗಲೋ ಬದಲಾಗಿದೆ. ಮನಸ್ಸು ಅಷ್ಟು ಬೇಗ ಬದಲಾಗುವುದಿಲ್ಲ. ಈ ಅಳಿಯ ಮುಂಬೈಯಲ್ಲೇ ಹುಟ್ಟಿ ಬೆಳೆದವನು, ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು, ಹಿಂದಿಯಲ್ಲಿ ಶುರುವಾಗಿ ಕನ್ನಡದಲ್ಲಿ ಎಡವುವ ಮಾತು. ಸಿಟ್ಟು ಮಾಡಿಕೊಳ್ಳಲು ಕಾರಣವೇ ಸಿಗದಷ್ಟು ಒಳ್ಳೆಯವನು. ನಾನು ಕಷ್ಟಪಟ್ಟು ಮಾಡಿಕೊಳ್ಳುತ್ತಿದ್ದೆ.

ಮುಲುಂಡಿನ ಸುದ್ದಿ ಹಬ್ಬಿದ ಮೇಲೆ, ಒಂದು ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಧಣಿ ಎಲ್ಲರನ್ನೂ ಸೇರಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಣತನ ಅವರ ಮುಖದಲ್ಲಿತ್ತು.

"ಬೆಳಗಿನ ಪಾಳಿ ಒಂದು, ಸಂಜೆ ಪಾಳಿ ಒಂದು. ಯಾರು ಈಗ ಇರುವುದಕ್ಕಿಂತ ವ್ಯಾಪಾರ ಜಾಸ್ತಿ ಏರಿಸ್ತಾರೆ ನೋಡುವ. ಗೆದ್ದ ಪಾಳಿಯವರಿಗೆಲ್ಲ ಒಂದು ತಿಂಗಳ ಸಂಬಳ ಮೇಲಿಂದ. ಪಾಳಿ ನಡೆಸಿದವರಿಗೆ ಮುಲುಂಡಿನ ಮ್ಯಾನೇಜರ್ ಕೆಲಸ. ಹೇಗೆ, ಸರಿ ಉಂಟಾ?"

ನಾನು ಒಳಗೊಳಗೇ ಹಿಗ್ಗಿದೆ. ನ್ಯಾಯವಾದ ಪಂದ್ಯ! ನಾನು ಗೆದ್ದೇ ಗೆಲ್ಲುತ್ತೇನೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಸುಳ್ಳು ಹೇಳಬಾರದು, ಹೆಚ್ಚಿನ ಸಂಬಳದ ಆಸೆ ಕಾಲಿಗೆ ಚಕ್ರ ಕಟ್ಟುತ್ತದೆ. ಕರೆದರೂ ಕೇಳಿಸದಂತೆ ಗೋಡೆಗೆ ಒರಗಿ ನಿಲ್ಲುತ್ತಿದ್ದ ವೇಟರುಗಳು ಗಿರಾಕಿ ಕುರ್ಚಿ ಎಳೆಯುವ ಮೊದಲೇ ನೀರಿಡತೊಡಗಿದರು. "ಸಾಬ್, ವಡಾ ಏಕದಮ್ ಗರಮ್ ಹೈ, ಲಾವೂಂ?" ಎಂದು ಕೇಳುವ ಧಾಟಿಗೆ ಬೇಡ ಅನ್ನಲು ಯಾರಿಗೂ ಆಗುತ್ತಿರಲಿಲ್ಲ. ಲೋಕಲ್ ಹಿಡಿಯಲು ಓಡುವವರಿಗಾಗಿ ನಾನು ಬಾಗಿಲ ಪಕ್ಕದಲ್ಲೇ ಒಂದು ಕಿಟಕಿ ತೆರೆದೆ. ನಿಂತಲ್ಲೇ ಇಡ್ಲಿ ಕಟ್ಟಿಸಿಕೊಂಡು, ಫೋನ್ ತೋರಿಸಿ ದುಡ್ಡು ಕೊಟ್ಟು ಓಡಬಹುದು. ದುಡ್ಡು ಬಂತೆಂದು ಕೂಗುವ ಆ ಪುಟ್ಟ ಡಬ್ಬಿ ಬೆಳಗಿನಿಂದ ಬಾಯಿ ಮುಚ್ಚುತ್ತಿರಲಿಲ್ಲ. ಸಂಜೆಯ ಕಡೆ ಅಳಿಯನೂ ಸುಮ್ಮನೆ ಕೂತಿರಲಿಲ್ಲ. ಆ್ಯಪ್‌ನಲ್ಲಿ ಬರುವ ಆರ್ಡರುಗಳನ್ನು ಹೆಚ್ಚಿಸಿದ. ಸಂಜೆಯಾದರೆ ಬಾಗಿಲಲ್ಲಿ ಪಾರ್ಸೆಲ್ ಒಯ್ಯುವ ಬೈಕಿನವರ ಜಾತ್ರೆ.

ಆಮೇಲೆ ಇಡ್ಲಿ ಕೆಟ್ಟಿತು.

ಮೊದಲು ಒಂದು ದಿನ ಸ್ವಲ್ಪ ಗಟ್ಟಿಯಾಯಿತು. ಚಳಿಗಾಲ, ಹಿಟ್ಟು ಉಬ್ಬಿಲ್ಲ ಅಂದುಕೊಂಡೆ. ಮರುದಿನವೂ ಹಾಗೆಯೇ. ಮೂಲೆಯ ಟೇಬಲಿನಲ್ಲಿ ದಿನವೂ ಇಡ್ಲಿ ತಿನ್ನುವ ಮರಾಠಿ ಅಜ್ಜ ಚಮಚದಿಂದ ಅದನ್ನು ತಟ್ಟಿ, "ಆಜ್ ಇಡ್ಲೀ ದಗಡಾಸಾರಖೀ ಕಾ?" ಎಂದರು. ಇವತ್ತೇನು ಕಲ್ಲಿನ ಹಾಗಿದೆ ಎಂದು. ತಂದಿಟ್ಟ ವೇಟರಿಗೆ ನಾನು ಎಲ್ಲರೆದುರು ಬೈದೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ, ಹಾಗಾಯಿತು. ಅವನೇನು ಮಾಡುತ್ತಾನೆ, ಬೆಂದದ್ದನ್ನು ತಂದಿಟ್ಟ. ದೋಸೆಯೂ ಕಾವಲಿಗೆ ಅಂಟತೊಡಗಿತು. ಬೆಳಗಿನ ವ್ಯಾಪಾರ ಏರಿದ ಹಾಗೆಯೇ ಇಳಿಯಿತು.

ಕಾರಣ ಹುಡುಕಲು ನನ್ನ ಪಾಳಿ ಮುಗಿದ ಮೇಲೂ ಅಲ್ಲೇ ಉಳಿದೆ. ಹೊಟೇಲಿನ ಹಿಟ್ಟಿನ ಕ್ರಮ ಹೀಗೆ: ಬೆಳಗಿನವರು ಅಕ್ಕಿ ಉದ್ದು ನೆನೆಹಾಕಬೇಕು, ಸಂಜೆಯವರು ನಾಲ್ಕಕ್ಕೆಲ್ಲ ಗ್ರೈಂಡರಿಗೆ ಹಾಕಿ ರುಬ್ಬಬೇಕು, ಅದು ರಾತ್ರಿಯಿಡೀ ಉಬ್ಬಿ ಬೆಳಗಿನ ಇಡ್ಲಿ ದೋಸೆ ಆಗಬೇಕು. ನಾಲ್ಕಾಯಿತು. ನೆನೆದ ಉದ್ದು ಬಕೆಟಿನಲ್ಲೇ ಇತ್ತು. ಗ್ರೈಂಡರ್ ಒಣಗಿತ್ತು. ರುಬ್ಬಬೇಕಾದ ಮನುಷ್ಯ, ಕುಂದಾಪುರದ ಕಡೆಯ ಹಳಬ, ಮುಂದಿನ ಮೇಜಿನ ಹತ್ತಿರ ನಿಂತು ಪಾವ್ ಭಾಜಿ ಪಾರ್ಸೆಲ್ ಕಟ್ಟುತ್ತಿದ್ದ.

"ಹಿಟ್ಟು ಯಾವಾಗ ರುಬ್ಬಾಂವ ನೀನು?" ಎಂದು ಕೇಳಿದೆ.

ಅವನು ರಬ್ಬರ್ ಬ್ಯಾಂಡ್ ಹಾಕುತ್ತಲೇ ಉತ್ತರ ಕೊಟ್ಟ. "ರಶ್ ಮುಗಿದ ಮೇಲೆ ಅಕ್ಕ. ಎಂಥ ಮಾಡುದು ಹೇಳಿ? ಪಾರ್ಸೆಲ್ ಕಟ್ಟಿದ್ರೆ ನಮ್ಮ ಪಾಳಿಗೆ ಸೇರ್ತದೆ. ಹಿಟ್ಟು ಕಡೆದ್ರೆ ನಿಮ್ಮ ಪಾಳಿಗೆ ಸೇರ್ತದೆ."

ಅವನ ಮುಖದಲ್ಲಿ ಕಪಟ ಇರಲಿಲ್ಲ. ಅವನ ಹೆಂಡತಿಗೂ ಮಕ್ಕಳಿಗೂ ಆ ಹೆಚ್ಚಿನ ಸಂಬಳ ಬೇಕಿತ್ತು, ಅವನು ಅದು ಇರುವ ಕಡೆ ನಿಂತಿದ್ದ. ಅಳಿಯನನ್ನು ಕೇಳಿದೆ. "ಅಕ್ಕ, ಮೈನೇ ಮನಾ ಥೋಡೀ ಕಿಯಾ, ಬೇಡ ಹೇಳಿದ್ನಾ? ಆದ್ರೆ ಸಂಜೆ ರಶ್ ಇರ್ತದೆ ನಾ. ಹಿಟ್ಟು ಆಮೇಲೆ ಸಹ ಆಗ್ತದೆ" ಎಂದ. ಆಮೇಲೆ ಆಗುತ್ತದೆ, ನಿಜ. ಅವಸರದಲ್ಲಿ ತರಿತರಿಯಾಗಿ ಆಗುತ್ತದೆ, ಉಬ್ಬಲು ಹೊತ್ತು ಸಿಗುವುದಿಲ್ಲ. ಆದರೆ ಅದರ ನಷ್ಟ ಅವನ ಪಾಳಿಯಲ್ಲಿ ಕಾಣುವುದಿಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. ನಾನೇನು ಕಡಿಮೆಯವಳೇ? ಸಂಜೆಯ ಪಾವ್ ಭಾಜಿಗೆ ಬಟಾಟೆ ಬೇಯಿಸಿ ಸುಲಿದಿಡುವುದು, ಈರುಳ್ಳಿ ಹೆಚ್ಚಿಡುವುದು ಬೆಳಗಿನವರ ಕೆಲಸ. ಮರುದಿನ ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನವರನ್ನು ಕೇಳಿದೆ: "ಬಟಾಟಿ ಕುದಿಸಿದ್ರ ಯಾರ ಪಾಳಿಗೆ ಸೇರ್ತದ?"

ಎಲ್ಲರೂ ಗೊಳ್ಳೆಂದು ನಕ್ಕರು. ಬಟಾಟೆ ಚೀಲದಲ್ಲೇ ಉಳಿಯಿತು.

ಆ ಸಂಜೆ ನಾನು ವಡಾಲದ ಮನೆಯಲ್ಲಿ ಕುಳಿತು ದಾದರಿನಲ್ಲಿ ಏನಾಗುತ್ತಿರಬಹುದೆಂದು ಊಹಿಸಿ ಊಹಿಸಿ ಖುಷಿಪಟ್ಟೆ. ಊಹಿಸಿದ್ದಕ್ಕಿಂತ ಹೆಚ್ಚೇ ಆಗಿತ್ತು. ಭಾಜಿಯಿಲ್ಲದೆ ಸಂಸಾರ ಸಮೇತ ಬಂದವರು ಕಾದು ಕಾದು ಎದ್ದು ಹೋದರಂತೆ. ಬೈಕಿನವರು ಬಾಗಿಲಲ್ಲಿ ಜಗಳಕ್ಕೆ ನಿಂತರಂತೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬಂತೆ ಎದುರಿನ ವಡಾಪಾವ್ ಅಂಗಡಿಯವನಿಗೆ ಅಂದು ಹಬ್ಬವಾಯಿತು. ನನಗೆ ಇದರ ಬಗ್ಗೆ ಇವತ್ತಿಗೂ ಬೇಸರವಿಲ್ಲ. ಇಡ್ಲಿ ಕಲ್ಲಾದಾಗ ಯಾರೂ ಓಡಿ ಬರಲಿಲ್ಲ. ಭಾಜಿ ನಿಂತಾಗ ಧಣಿ ಮರುದಿನ ಬೆಳಿಗ್ಗೆಯೇ ಬಂದಿಳಿದರು.

ನನ್ನನ್ನೂ ಅಳಿಯನನ್ನೂ ಸ್ಟೋರಿಗೆ ಕರೆದರು. ಅಕ್ಕಿ ಮೂಟೆಗಳ ನಡುವೆ ನಿಂತು, "ಎಂಥ ಇದು? ಮಕ್ಕಳಾ ನೀವು? ನನ್ನ ಹೊಟೇಲಿನ ಮರ್ಯಾದೆ ತೆಗೀತೀರಾ?" ಎಂದು ಕೂಗಾಡಿದರು. ಅಳಿಯ ತಲೆ ತಗ್ಗಿಸಿದ. ನನಗೆ ತಲೆ ತಗ್ಗಿಸುವ ಅಭ್ಯಾಸ ಇಲ್ಲ.

"ಧಣ್ಯಾರ, ಒಂದು ಮಾತು ಕೇಳ್ತೀನ್ರಿ. ನಿಮ್ಮ ಹೊಟೇಲ್ ಒಂದೋ, ಎರಡೋ?"

"ಎಂಥ ಪ್ರಶ್ನೆ ಮಾರಾಯ್ರೆ, ಒಂದೇ."

"ಒಂದ ಇತ್ತು. ನೀವು ಎರಡು ಮಾಡಿದ್ರಿ. ಸಂಜಿ ರುಬ್ಬಿದ ಹಿಟ್ಟು ಮುಂಜಾನೆ ಇಡ್ಲಿ ಆಗ್ತದ, ಮುಂಜಾನೆ ಕುದಿಸಿದ ಬಟಾಟಿ ಸಂಜಿ ಭಾಜಿ ಆಗ್ತದ. ನೀವು ನಡುವ ಒಂದು ಗ್ವಾಡಿ ಕಟ್ಟಿ, ಗೆದ್ದವರಿಗೆ ಪಗಾರ ಅಂದ್ರಿ. ಈಗ ಇಡ್ಲಿ ಯಾಕ ಕಲ್ಲಾತು, ಭಾಜಿ ಯಾಕ ನಿಂತಿತು ಅಂತ ನಮ್ಮನ್ನ ಕೇಳಿದ್ರ ಹ್ಯಾಂಗ್ರಿ?"

ಧಣಿ ಅಲ್ಲೇ ಒಂದು ಮೂಟೆಯ ಮೇಲೆ ಕುಳಿತರು. ಅವರ ಕಾಲದಲ್ಲಿ ಪಾಳಿ ಎಂಬುದೇ ಇರಲಿಲ್ಲವಂತೆ. ರುಬ್ಬಿದವನೇ ಬೆಳಿಗ್ಗೆ ಎದ್ದು ಇಡ್ಲಿ ಬೇಯಿಸಿ, ಅವನೇ ಬಡಿಸಿ, ಹೊಟೇಲಿನ ಮಾಳಿಗೆಯಲ್ಲೇ ಮಲಗುತ್ತಿದ್ದ. ಕೆಟ್ಟ ಹಿಟ್ಟು ರುಬ್ಬಿದರೆ ಬೈಸಿಕೊಳ್ಳುವವನೂ ಅವನೇ. ಹಾಗೆ ಬೆಳೆದವರಿಗೆ ಈ ಗೋಡೆ ಹೊಳೆಯದಿದ್ದುದು ಸಹಜ. ಕೊನೆಗೆ, "ಹಾಗಾದ್ರೆ ಎಂಥ ಮಾಡುವ?" ಎಂದು ಮೆಲ್ಲಗೆ ಕೇಳಿದರು. ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು.

ನಾನು ಉತ್ತರ ಬಾಯಲ್ಲೇ ಇಟ್ಟುಕೊಂಡಿದ್ದೆ. ಮುಲುಂಡಿನಲ್ಲಿ ಮ್ಯಾನೇಜರ್ ಒಬ್ಬರೇ, ಪಾಳಿ ಎರಡು. ಆದ್ದರಿಂದ ಎರಡೂ ಪಾಳಿ ಒಂದು ತಿಂಗಳು ನನ್ನ ಕೈಗೆ ಕೊಡಲಿ, ಆಮೇಲೆ ಒಂದು ತಿಂಗಳು ಅಳಿಯನ ಕೈಗೆ. ಹೆಚ್ಚಿನ ಸಂಬಳ ಗೆದ್ದ ಪಾಳಿಗಲ್ಲ. ವ್ಯಾಪಾರ ಏರಿದರೆ ಅಡುಗೆಮನೆ ಸೇರಿ ಎಲ್ಲರಿಗೂ. ಅಳಿಯ ಧಣಿಗಿಂತ ಮೊದಲೇ, "ಫೇರ್ ಹೈ ಮಾವ" ಎಂದ. ಅವನ ಮೇಲೆ ಸಿಟ್ಟು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಆಗಲೇ ಹೇಳಿದೆನಲ್ಲ.

ನನ್ನ ತಿಂಗಳು ಶುರುವಾಯಿತು. ನಾಲ್ಕಾದ ಮೇಲೆ ಕುಂದಾಪುರದವನನ್ನು ಗ್ರೈಂಡರ್ ಬಿಟ್ಟು ಯಾರೂ ಕರೆಯಕೂಡದು, ಧಣಿಯೇ ಕರೆದರೂ ಬರಕೂಡದು ಎಂದು ಹೇಳಿದೆ. ಅವನ ಹೆಚ್ಚಿನ ಸಂಬಳವನ್ನು ಮರುದಿನದ ಇಡ್ಲಿ ದೋಸೆಯ ವ್ಯಾಪಾರಕ್ಕೆ ಕಟ್ಟಿದೆ. ಬಟಾಟೆ ಬೇಯಿಸುವವರದನ್ನು ಆ ಸಂಜೆಯ ಭಾಜಿಗೆ. ಅಷ್ಟೇ ನೋಡಿ. ಕುಂದಾಪುರದವನು ಪಾಳಿ ಇಲ್ಲದ ಹೊತ್ತಿನಲ್ಲೂ ಬೆಳಿಗ್ಗೆ ಬಂದು ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿ ನೋಡತೊಡಗಿದ. "ಇವತ್ತು ಹೂವಿನ ಹಾಗೆ ಬಂದಿದೆ ಅಕ್ಕ" ಎಂದು ಗಲ್ಲಾದವರೆಗೆ ಬಂದು ಹೇಳಿ ಹೋಗುತ್ತಿದ್ದ. ಮರಾಠಿ ಅಜ್ಜ ಇನ್ನೊಂದು ಪ್ಲೇಟ್ ತರಿಸಿಕೊಂಡರು.

ಎಲ್ಲವೂ ಸಲೀಸಾಗಿ ಆಯಿತೆಂದಲ್ಲ. ನನ್ನ ಅತಿ ಚುರುಕಿನ ವೇಟರ್ ಒಬ್ಬ ಮುಖ ಊದಿಸಿಕೊಂಡು ಬಂದ. "ಅಕ್ಕ, ಓಡುವವನಿಗೂ ಅಷ್ಟೇ, ನಿದ್ದೆ ಮಾಡುವವನಿಗೂ ಅಷ್ಟೇ ಅಂದ್ರೆ ನಾನು ಯಾಕೆ ಓಡ್ಬೇಕು?" ಅವನ ಮಾತಿನಲ್ಲಿ ಹುರುಳಿತ್ತು, ಮತ್ತು ಅವನಿಗೆ ಬೇರೆಯಾಗಿ ಕೊಡಲು ನನ್ನ ಹತ್ತಿರ ದುಡ್ಡಿರಲಿಲ್ಲ. ಹಾಗಾಗಿ ಅವನನ್ನು ಕ್ಯಾಪ್ಟನ್ ಮಾಡಿದೆ. ಹೊಸಬರಿಗೆ ಕಲಿಸುವುದು, ಟೇಬಲ್ ಹಂಚುವುದು ಅವನ ಕೆಲಸ. ಎಲ್ಲರದು ತಿಳಿನೀಲಿ ಶರ್ಟು, ಅವನಿಗೆ ಬಿಳಿ ಶರ್ಟು ಕೊಡಿಸಿದೆ. ಸಂಬಳ ಇದ್ದಷ್ಟೇ. ಅವನು ಬಿಳಿ ಶರ್ಟಿನಲ್ಲಿ ಫೋಟೊ ತೆಗೆಸಿ ಕಾರ್ಕಳದ ತಂದೆಗೆ ಕಳಿಸಿದ, ತಂದೆ ಅದನ್ನು ನೆಂಟರಿಗೆಲ್ಲ ಕಳಿಸಿದರು. ಮರುದಿನದಿಂದ ಅವನು ಓಡುವುದನ್ನು ಬಿಟ್ಟು ಉಳಿದವರನ್ನು ಓಡಿಸತೊಡಗಿದ. "ಏನಪಾ, ಶರ್ಟ್ ಹಾಕ್ಕೊಂಡ ಮಲಗ್ತೀ ಏನು?" ಎಂದು ನಾನು ಅವನನ್ನು ರೇಗಿಸುತ್ತಿದ್ದೆ. ಒಳಗೆ ಮಾತ್ರ ನನಗೆ ಅವನ ಮೇಲೆ ಹೊಟ್ಟೆಕಿಚ್ಚು. ಅವನಿಗೆ ಕ್ಯಾಪ್ಟನ್ ಅಂತ ಹೆಸರು ಸಿಕ್ಕಿತು, ನನಗೆ ಇನ್ನೂ ಇಲ್ಲ.

ತಿಂಗಳು ಮುಗಿದಾಗ ಎರಡೂ ಪಾಳಿಯ ವ್ಯಾಪಾರ ಏರಿತ್ತು. ಆಮೇಲಿನ ತಿಂಗಳು ಅಳಿಯನದು. ಆಗಲೂ ಇಳಿಯಲಿಲ್ಲ. ನನಗೆ ದಿಗಿಲಾಯಿತು. ಇಬ್ಬರೂ ಸಮ ಎಂದಾದರೆ ಕುರ್ಚಿ ಯಾರ ಕಡೆ ಹೋಗುತ್ತದೆ ಎಂದು ತಿಳಿಯಲು ಜ್ಯೋತಿಷಿ ಬೇಕಿರಲಿಲ್ಲ. ಧಣಿ ಬಂದು ನನ್ನ ಗಲ್ಲಾದ ಪಕ್ಕದಲ್ಲೇ ನಿಂತು ಅಳಿಯನನ್ನು ಕೇಳಿದರು: "ಭಾರಿ ಚೆನ್ನಾಗಿ ಮಾಡಿದ್ದಿ. ನೀನು ಎಂಥ ಬದಲಾವಣೆ ಮಾಡಿದೆ ಹೇಳು?"

"ಏನೂ ಇಲ್ಲ ಮಾವ," ಎಂದ ಅಳಿಯ. "ಅಕ್ಕಂದೇ ಸಿಸ್ಟಮ್. ನಾನು ಸಿರ್ಫ್ ನಡೆಸಿದ್ದು. ಒಂದು ಚೀಜ್ ಸಹ ಚೇಂಜ್ ಮಾಡ್ಲಿಲ್ಲ."

ಎಲ್ಲ ನಾನೇ ಮಾಡಿದ್ದು ಅಂದುಬಿಟ್ಟಿದ್ದರೆ ಮುಲುಂಡ್ ಅವನ ಕೈಯಲ್ಲಿತ್ತು. ನಾನು ಚಿಲ್ಲರೆ ಎಣಿಸುವ ಹಾಗೆ ನಟಿಸಿದೆ, ಕಣ್ಣು ಮಂಜಾಗಿತ್ತು.

ಆ ಮಧ್ಯಾಹ್ನ ಧಣಿ ನನ್ನನ್ನು ಕೂರಿಸಿ, ತಾವೇ ಕಾಫಿ ತರಿಸಿದರು. ಧಣಿ ಕಾಫಿ ತರಿಸಿದರೆ ಏನೋ ಕೇಳಲಿಕ್ಕಿದೆ ಎಂದರ್ಥ.

"ನೀವು ಮುಲುಂಡಿಗೆ ಹೋಗಿ. ಎಲ್ಲ ನೀವೇ ನೋಡಿ. ಸಂಬಳ ಅವನಿಗೆ ಕೊಡುವುದಕ್ಕಿಂತ ಜಾಸ್ತಿಯೇ ಕೊಡ್ತೇನೆ, ವ್ಯಾಪಾರದಲ್ಲಿ ಪಾಲು ಸಹ ಕೊಡ್ತೇನೆ. ಮ್ಯಾನೇಜರ್ ಅಂತ ಹೆಸರು ಮಾತ್ರ ಅವನದ್ದು ಇರ್ಲಿ. ಇಲ್ಲದಿದ್ರೆ ನಾನು ಅಕ್ಕನಿಗೆ ಎಂಥ ಹೇಳುದು?"

ನಾಳೆ ಹೇಳುತ್ತೇನೆ ಎಂದು ಎದ್ದೆ. ಕಾಫಿ ಅರ್ಧ ಹಾಗೆಯೇ ಬಿಟ್ಟೆ.

ಮನೆಯಲ್ಲಿ ಗಂಡ ಹೇಳಿದ್ದು ನ್ಯಾಯವಾಗಿಯೇ ಇತ್ತು. ಮಗಳ ಕಾಲೇಜು ಮುಂದಿದೆ, ಬಿಲ್ಡಿಂಗಿನ ರಿಪೇರಿಗೆ ದುಡ್ಡು ಕೇಳುತ್ತಿದ್ದಾರೆ. "ರೊಕ್ಕ ಬರ್ತದ ಅಂದಮ್ಯಾಲ ಹೆಸರು ತಗೊಂಡು ಏನ್ ಮಾಡ್ತಿ? ಹೆಸರು ಹಚ್ಚಿಕೊಂಡು ರೊಟ್ಟಿ ತಿನ್ನಾಕ ಬರ್ತದೇನು?" ಎಂದರು. ಒಂದು ಗಳಿಗೆ ನಾನೂ ಆಸೆಪಟ್ಟೆ, ಇಲ್ಲವೆನ್ನುವುದಿಲ್ಲ. ಅಷ್ಟರಲ್ಲಿ ನೆನಪಾಯಿತು.

"ರೀ, ನೀವು ಹೆಡ್ ಕ್ಲಾರ್ಕ್ ಆದಾಗ ಬಿಲ್ಡಿಂಗ್ ತುಂಬ ಪೇಢೆ ಹಂಚಿದ್ರಲ್ಲ, ಆಗ ಪಗಾರ ಎಷ್ಟು ಹೆಚ್ಚಾಗಿತ್ರಿ?"

ಅವರು ಟಿ.ವಿ. ಕಡೆ ನೋಡಿದರು. ನನ್ನ ಕಡೆ ನೋಡಿದರು. ಏರಿದ ಸಂಬಳ ಆ ಪೇಢೆಗೇ ಸಾಕಾಗಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಆಮೇಲೆ ನಗು ತಡೆಯಲಾಗದೆ, "ಹೋಗು ಮಾರಾಯ್ತಿ, ಕುರ್ಚಿನ ತಗೊಂಡು ಬಾ" ಎಂದರು.

ಮರುದಿನ ಧಣಿಗೆ ನೇರವಾಗಿ ಹೇಳಿದೆ. "ನನಗ ಹೆಚ್ಚಿನ ಪಗಾರ ಬ್ಯಾಡ್ರಿ. ಅವರಿಗೆ ಎಷ್ಟು ಕೊಡ್ತಿದ್ರಿ, ಅಷ್ಟ ಕೊಡ್ರಿ. ಹೆಸರು ನಂದ ಇರಬೇಕು. ಇಲ್ಲಂದ್ರ ಮುಲುಂಡ್‌ಗೆ ನಾ ಹೋಗಂಗಿಲ್ಲ."

"ನೀವು ಸುಮ್ಮನೆ ಹಟ ಮಾಡ್ತೀರಿ. ನಮ್ಮಲ್ಲಿ ಒಂದು ಪದ್ಧತಿ ಉಂಟು, ನಿಮಗೆ ಗೊತ್ತಾಗುದಿಲ್ಲ."

"ಗೊತ್ತೈತ್ರಿ. ನಿಮ್ಮ ಕಡೆ ಮನಿ, ಆಸ್ತಿ ಎಲ್ಲಾ ಹೆಣ್ಮಕ್ಕಳ ಕಡೆಯಿಂದ ಇಳೀತದ. ಹಾಂಗಿದ್ದಾಗ ಹೆಣ್ಮಗಳೊಬ್ಬಾಕಿ ಕುರ್ಚಿ ಮ್ಯಾಲೆ ಕೂತ್ರ ಪದ್ಧತಿ ಮುರೀತದೋ, ಉಳೀತದೋ? ನಿಮ್ಮ ಅಕ್ಕಾರನ್ನ ಒಂದ್ಸಲ ಕೇಳ್ರಿ."

ಧಣಿ ನನ್ನನ್ನು ದುರುಗುಟ್ಟಿ ನೋಡಿದರು. ನಾನೂ ನೋಡಿದೆ. ಗಲ್ಲಾದ ಹತ್ತಿರ ಬಿಲ್ ಕೊಡಲು ನಿಂತವರು ಕಾಯುತ್ತಿದ್ದರು, ಕ್ಯಾಪ್ಟನ್ ಬಿಳಿ ಶರ್ಟಿನಲ್ಲಿ ಕಂಬದ ಹಿಂದೆ ನಿಂತು ಕಿವಿ ಕೊಟ್ಟಿದ್ದ. ಇದ್ದಕ್ಕಿದ್ದ ಹಾಗೆ ಧಣಿಯ ಹೊಟ್ಟೆ ಕುಲುಕತೊಡಗಿತು. ನಗುತ್ತಲೇ ಫೋನ್ ತೆಗೆದು, ಸ್ಪೀಕರಿಗೆ ಹಾಕಿ, ಈಗ ಊರಿನಲ್ಲಿರುವ ಅಕ್ಕನಿಗೆ ತುಳುವಿನಲ್ಲಿ ಎಲ್ಲ ಹೇಳಿದರು. ಅಷ್ಟು ವರ್ಷ ಆ ಅಡುಗೆಮನೆಯ ಪಕ್ಕದಲ್ಲಿ ಕುಳಿತ ನನಗೆ ತುಳು ಮಾತಾಡಲು ಬರದಿದ್ದರೂ ಅರ್ಥವಾಗುತ್ತದೆ. ಆ ಕಡೆಯಿಂದ ಮುದುಕಿಯ ದನಿ ಖಡಕ್ಕಾಗಿ ಬಂತು: ಅವನು ಇನ್ನೂ ಕಲಿಯಬೇಕು, ಕಲಿಸುವವರ ಕೈಕೆಳಗೆ ಹಾಕು, ಇಷ್ಟು ದೊಡ್ಡ ಹೊಟೇಲ್ ಕಟ್ಟುವಾಗ ನನ್ನನ್ನು 'ಕಟ್ಟಲೇ' ಎಂದು ಕೇಳಿದೆಯಾ, ಈಗ ಇದನ್ನು ಯಾಕೆ ಕೇಳುತ್ತೀ? ಮತ್ತೆ, "ಆ ಹೆಂಗಸು ಕಲಿಸ್ತಾಳಾ ಕೇಳು."

ನಾನು ಫೋನಿನ ಕಡೆ ಬಾಗಿ ಕೂಗಿದೆ, "ಕಲಿಸ್ತೀನ್ರಿ ಅಕ್ಕಾರ!"

ಕಂಬದ ಹಿಂದಿನಿಂದ ಕ್ಯಾಪ್ಟನ್ ಚಪ್ಪಾಳೆ ತಟ್ಟಿದ. ಅಡುಗೆಮನೆಯಿಂದ ಯಾರೋ ಸೌಟಿನಿಂದ ತಪ್ಪಲೆ ಬಾರಿಸಿದರು. ಬಿಲ್ ಕೊಡಲು ನಿಂತಿದ್ದ ಗಿರಾಕಿಗಳೂ ಏನೆಂದು ತಿಳಿಯದೆ ನಕ್ಕರು. ನಾನು ಅವತ್ತು ಹಿಗ್ಗಿದಷ್ಟು ನನ್ನ ಮದುವೆಯಲ್ಲೂ ಹಿಗ್ಗಿರಲಿಲ್ಲ, ಇದನ್ನು ಗಂಡನಿಗೂ ಹೇಳಿದ್ದೇನೆ.

ಮುಲುಂಡಿನ ಹೊಟೇಲ್ ಸ್ಟೇಷನ್ನಿಗೆ ಹತ್ತಿರ, ಸುತ್ತ ಹೌಸಿಂಗ್ ಸೊಸೈಟಿಗಳು. ವಡಾಲದಿಂದ ಕುರ್ಲಾಕ್ಕೆ ಹೋಗಿ ಗಾಡಿ ಬದಲಿಸಿ ಬರಬೇಕು. ದೂರ, ಆದರೂ ನಾನು ದಿನವೂ ಬಾಗಿಲು ತೆಗೆಯುವ ಮೊದಲೇ ಮುಟ್ಟುತ್ತಿದ್ದೆ. ಅಳಿಯ ನನ್ನ ಅಸಿಸ್ಟೆಂಟ್. ರುಬ್ಬುವವರಿಗೆ, ಬೇಯಿಸುವವರಿಗೆ, ಬಡಿಸುವವರಿಗೆ ದಾದರಿನದೇ ಕ್ರಮ ಮೊದಲ ದಿನದಿಂದ.

ತೆರೆದ ಮೊದಲ ಭಾನುವಾರ ಕಾಲಿಡಲು ಜಾಗವಿರಲಿಲ್ಲ. ಗದ್ದಲದ ನಡುವೆ ಒಬ್ಬ ಗೃಹಸ್ಥರು ಕೆಂಪು ಮುಖ ಮಾಡಿಕೊಂಡು ಗಲ್ಲಾದ ಹತ್ತಿರ ಬಂದರು. "ಮ್ಯಾನೇಜರ್ ಕುಠೇ ಆಹೇತ?" ಎಲ್ಲಿದ್ದಾರೆ ಎಂದು ಕೇಳುತ್ತ ನನ್ನ ತಲೆಯ ಮೇಲಿಂದ ಆಚೆ ನೋಡಿದರು. ಅಲ್ಲಿ ಅಳಿಯ ಇಸ್ತ್ರಿ ಶರ್ಟಿನಲ್ಲಿ ನಿಂತಿದ್ದ. ಅವರು ಅವನಿಗೆ ಬೈಯಲು ಶುರು ಮಾಡಿಯೇಬಿಟ್ಟರು. ಅಳಿಯ ಎರಡೂ ಕೈಯಿಂದ ನನ್ನನ್ನು ತೋರಿಸಿ, "ಮ್ಯಾನೇಜರ್ ಮ್ಯಾಡಮ್ ಆಹೇತ" ಎಂದ.

ನಾನು ಎದ್ದು ನಿಂತೆ. "ಮೀಚ್ ಮ್ಯಾನೇಜರ್. ಬೋಲಾ ಸಾಹೇಬ್."

ಅವರು ಬೋಲಿದರು. ಸಾಂಬಾರು ತಣ್ಣಗಿದೆ, ಎಷ್ಟು ಹೊತ್ತು ಕಾಯಿಸುತ್ತೀರಿ, ಮಗುವಿಗೆ ಚಮಚ ಕೇಳಿದರೆ ತರುವವರಿಲ್ಲ, ಮೇಲಿನ ಏಸಿ ತಾಯಿಯ ತಲೆಯ ಮೇಲೆ ತೊಟ್ಟಿಕ್ಕುತ್ತಿದೆ, ಹೊಟೇಲ್ ನಡೆಸಲು ಬರದಿದ್ದರೆ ಯಾಕೆ ತೆರೆದಿರಿ. ನನಗೆ ಸಿಟ್ಟು ಬರಬೇಕಿತ್ತು. ಒಂಚೂರೂ ಬರಲಿಲ್ಲ. ಹೆಚ್ಚಿನ ಸಂಬಳ ತೆಗೆದುಕೊಂಡು ಸುಮ್ಮನಾಗಿದ್ದರೆ ಈ ಬೈಗುಳವೆಲ್ಲ ಅಳಿಯನ ಪಾಲಾಗುತ್ತಿತ್ತು. ನಾನು ಕೈಕಟ್ಟಿ ನಿಂತು, ಒಂದಕ್ಷರ ಬಿಡದೆ, ಮುಖದ ನಗು ಕಾಣದ ಹಾಗೆ ತುಟಿ ಕಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡೆ. ಅವರು ಮುಗಿಸಿದ ಮೇಲೆ ಬಿಸಿ ಸಾಂಬಾರು ತರಿಸಿ, ನಾನೇ ಅವರ ಟೇಬಲಿಗೆ ಕೊಂಡೊಯ್ದೆ.